ಖಿನ್ನತೆಯ ಪ್ರಶ್ನಾವಳಿಯ ಕನ್ನಡ ರೂಪ: ಆಲ್ಫಾ ಒಂದೇ ಸಾಕೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಭಾಗದಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರ ಅಧ್ಯಯನಕ್ಕೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9ರ ಕನ್ನಡ ರೂಪವನ್ನು ಬಳಸುತ್ತಿದ್ದೇನೆ. ಪ್ರಾಯೋಗಿಕ ಹಂತದಲ್ಲಿ ಕ್ರೋನ್‌ಬಾಕ್ ಆಲ್ಫಾ 0.8ಕ್ಕಿಂತ ಮೇಲೆ ಬಂದಿದೆ. ಇಷ್ಟು ಸಾಕೇ, ಅಥವಾ ಎರಡು ವಾರ ಬಿಟ್ಟು ಪುನಃ ಕೇಳಬೇಕೇ?

ಉತ್ತರ: ಸಾಕಾಗುವುದಿಲ್ಲ. ಒಂಬತ್ತು ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದಿಕೊಂಡಿವೆ ಎಂಬುದನ್ನಷ್ಟೇ ಆಲ್ಫಾ ತೋರಿಸುತ್ತದೆ. ಸ್ಥಿತಿ ಬದಲಾಗದ ತಾಯಿಯೊಬ್ಬರಿಗೆ ಕೆಲವು ದಿನಗಳ ನಂತರವೂ ಹೆಚ್ಚುಕಡಿಮೆ ಅದೇ ಅಂಕ ಬರುತ್ತದೆಯೇ ಎಂಬುದು ಅದರಿಂದ ತಿಳಿಯದು. ಮರುಪರೀಕ್ಷೆ ಮಾಡಲೇಬೇಕು, ಆದರೆ ಎರಡು ವಾರ ಬಿಡಬೇಡಿ. ಈ ಪ್ರಶ್ನಾವಳಿ ವಿಚಾರಿಸುವುದೇ ಕಳೆದ ಎರಡು ವಾರಗಳ ಬಗ್ಗೆ. ಅಷ್ಟು ಅಂತರವಿಟ್ಟರೆ ಎರಡನೆಯ ಉತ್ತರ ಪೂರ್ತಿ ಬೇರೆಯೇ ದಿನಗಳದ್ದಾಗುತ್ತದೆ. ನಡುವೆ ಅಡಿಕೆ ಕೊಯ್ಲು ಬಂದು ಆಯಾಸದ ಪ್ರಶ್ನೆಗೆ ಅಂಕ ಏರಿದರೆ ಅದನ್ನು ಪ್ರಶ್ನಾವಳಿಯ ದೋಷವೆಂದು ಹೇಳಲಾಗದು. ನನ್ನ ಅಭಿಪ್ರಾಯದಲ್ಲಿ ಮೂರರಿಂದ ಏಳು ದಿನಗಳ ಅಂತರ ಸೂಕ್ತ.

ಲೆಕ್ಕ ಹಾಕುವಾಗ, ಎರಡೂ ಸಲದ ಅಂಕಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದಷ್ಟೇ ನೋಡುವ ಪಿಯರ್ಸನ್ ಸಹಸಂಬಂಧವನ್ನು ನೆಚ್ಚಿಕೊಳ್ಳಬೇಡಿ. ಎರಡನೆಯ ಸಲ ಎಲ್ಲರಿಗೂ ಮೂರು ಅಂಕ ಕಡಿಮೆ ಬಂದರೂ ಅದು 1, ಅಂದರೆ ಪೂರ್ಣ ಸಂಬಂಧ, ಎಂದೇ ತೋರಿಸುತ್ತದೆ. ಇಂಟ್ರಾಕ್ಲಾಸ್ ಕೋರಿಲೇಶನ್ ಎಂಬ ಇನ್ನೊಂದು ಲೆಕ್ಕದಲ್ಲಿ ಅಂಕಗಳ ನೇರ ಹೊಂದಾಣಿಕೆಯನ್ನು ಅಳೆಯುವ ವಿಧಾನವನ್ನು ಆರಿಸಿಕೊಳ್ಳಿ.

ಪ್ರಶ್ನೆ: ಓದಲು ಕಷ್ಟವಾಗುವವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳುತ್ತಾರೆ. ಕೆಲವರು ಮಲಯಾಳದಲ್ಲಿ ಕೇಳಿ ಎನ್ನುತ್ತಾರೆ. ತೊಂದರೆಯಿದೆಯೇ?

ಉತ್ತರ: ಇದೆ, ಮತ್ತು ಇದು ಆಲ್ಫಾಕ್ಕಿಂತ ಮುಖ್ಯ. ‘ಒಂದು ದಿನವೂ ಇಲ್ಲ’ ಎಂಬುದರಿಂದ ‘ಬಹುತೇಕ ಪ್ರತಿದಿನ’ ಎಂಬುದರವರೆಗೆ ನಾಲ್ಕು ಆಯ್ಕೆಗಳನ್ನೂ ಪ್ರತಿ ಪ್ರಶ್ನೆಗೆ ಪೂರ್ತಿ ಓದಬೇಕು. ಒಬ್ಬರು ನಾಲ್ಕನ್ನೂ ಓದಿ, ಇನ್ನೊಬ್ಬರು ‘ಉಂಟಾ, ಇಲ್ಲವಾ’ ಎಂದಷ್ಟೇ ಕೇಳಿ ತಾವೇ ಅಂಕ ಹಾಕಿದರೆ ಅವು ಎರಡು ಬೇರೆ ಪರೀಕ್ಷೆಗಳೇ ಆಗಿಬಿಡುತ್ತವೆ. ಕೆಲವು ಮನೆಗಳಲ್ಲಾದರೂ ಇಬ್ಬರು ಒಟ್ಟಿಗೆ ಹೋಗಿ, ಒಬ್ಬರು ಕೇಳುವಾಗ ಇಬ್ಬರೂ ಪ್ರತ್ಯೇಕವಾಗಿ ಅಂಕ ಬರೆದು ಹೋಲಿಸಲಿ. ಚಾವಡಿಯಲ್ಲಿ ಅತ್ತೆಯ ಎದುರು ಕೇಳುವುದು ಬೇಡ. ಮಲಯಾಳಕ್ಕೆ ಸ್ಥಳದಲ್ಲೇ ಬಾಯಿಮಾತಿನ ಅನುವಾದ ಮಾಡದೆ ಪರೀಕ್ಷಿತವಾದ ಮಲಯಾಳ ರೂಪವನ್ನೇ ಬಳಸಿ, ಆ ಗುಂಪಿನ ವಿಶ್ವಾಸಾರ್ಹತೆಯನ್ನು ಬೇರೆಯಾಗಿ ವರದಿ ಮಾಡಿ.

ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಅದಕ್ಕೆ ಸೊನ್ನೆಯಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ ಖಿನ್ನತೆಯ ಶಂಕೆಗೆ ಸಾಮಾನ್ಯವಾಗಿ ಬಳಸುವ ಗಡಿಯಾದ 10ಕ್ಕಿಂತ ಕಡಿಮೆಯಿದ್ದರೂ, ಮರುಪರೀಕ್ಷೆಗೆ ಕಾಯದೆ ಅಂದೇ ನಿಮ್ಮ ಮಾರ್ಗದರ್ಶಕರಿಗೆ ಮತ್ತು ಹತ್ತಿರದ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಆ ತಾಯಿಗೆ ಬರೆದುಕೊಡಿ.