ಡಿಗ್ರಿ ನಿಜಾನಾ ಅಂತ ಕಂಪನಿಯವರು ಹೇಗೆ ನೋಡುತ್ತಾರೆ?

ಮೊದಲ ಕೆಲಸ: ಆಫರ್ ಲೆಟರ್ ಬಂತು. ಬ್ಯಾಕ್‌ಗ್ರೌಂಡ್ ಚೆಕ್‌ಗೆ ಒಪ್ಪಿಗೆ ಸಹಿಯನ್ನೂ ಹಾಕಿ ಕೊಟ್ಟೆ. ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಕಳಿಸಿದರೆ ಮುಗೀತಲ್ವಾ?

ಎಚ್‌ಆರ್ ಹಳಬ: ಇಲ್ಲ, ಶುರುವಾಗೋದೇ ಅಲ್ಲಿಂದ. ಸ್ಕ್ಯಾನ್ ಕಾಪಿ ತಿದ್ದೋದು ಎಷ್ಟು ಹೊತ್ತಿನ ಕೆಲಸ? ಅದರಲ್ಲಿರುವ ಹೆಸರು, ರಿಜಿಸ್ಟರ್ ನಂಬರ್, ಪಾಸಾದ ವರ್ಷ ಹಿಡಿದು ವಿಶ್ವವಿದ್ಯಾಲಯವನ್ನೇ ಕೇಳುತ್ತೇವೆ. ಡಿಗ್ರಿ ಪರಿಶೀಲನೆಗೇ ಅಂತ ಅಮೆರಿಕದಲ್ಲಿ ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್, ಬ್ರಿಟನ್ನಿನಲ್ಲಿ ಹೆಡ್ ಅನ್ನೋ ಸೇವೆ ಇದೆ. ಅಂಥದ್ದು ಇಲ್ಲದ ಕಡೆ ರಿಜಿಸ್ಟ್ರಾರ್ ಆಫೀಸಿಗೆ ಮೇಲ್ ಹಾಕಿ ಕಾಯಬೇಕು. ಅಂದ ಹಾಗೆ, ಸರ್ಟಿಫಿಕೇಟ್ ಮೇಲೇ ಅಚ್ಚಾದ ಫೋನ್ ನಂಬರಿಗೆ ನಾನು ಕರೆ ಮಾಡುವುದಿಲ್ಲ. ಡಿಗ್ರಿ ಮಾರುವವರು "ಹೌದು ಸಾರ್, ನಮ್ಮಲ್ಲೇ ಓದಿದ್ದು" ಅನ್ನೋಕೂ ಒಬ್ಬರನ್ನು ಕೂರಿಸಿರುತ್ತಾರೆ.

ಕೋಡ್ ಬರೆಯೋನು: ಕೆಲಸ ಗೊತ್ತಾ ಅಂತ ನೋಡಿದರೆ ಸಾಲದಾ? ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮ್ಯಾರಿಲೀ ಜೋನ್ಸ್ ಒಟ್ಟು 28 ವರ್ಷ ದುಡಿದರು, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳೋ ವಿಭಾಗದ ಮುಖ್ಯಸ್ಥೆ, ಅಂದರೆ ಅಡ್ಮಿಷನ್ ಡೀನ್ ಕೂಡ ಆದರು. ಹೇಳಿಕೊಂಡಿದ್ದ ಡಿಗ್ರಿಗಳು ಸುಳ್ಳು ಅಂತ ರಾಜೀನಾಮೆ ಕೊಟ್ಟಿದ್ದು 2007ರಲ್ಲಿ. ಕೆಲಸದಲ್ಲಿ ಕೊರತೆ ಇದ್ದಿದ್ದರೆ ಅಷ್ಟು ಮೇಲೆ ಏರುತ್ತಿದ್ದರಾ?

ಎಚ್‌ಆರ್ ಹಳಬ: ಒಳ್ಳೇ ಉದಾಹರಣೆ ಕೊಟ್ಟಿರಿ! ಬೇರೆಯವರ ಅರ್ಜಿ ತೂಗಿ ನೋಡೋ ಕುರ್ಚಿ ಅದು. ನಿಮ್ಮ ಆಪರೇಷನ್ ಮಾಡೋ ಡಾಕ್ಟರಿಗೂ ಇದೇ ಮಾತು ಹೇಳುತ್ತೀರಾ?

ಕೋಡ್ ಬರೆಯೋನು: ಡಾಕ್ಟರ್ ವಿಷಯ ಬೇರೆ ಬಿಡಿ.

ಒಂದು ವರ್ಷ ಹೆಚ್ಚುಕಮ್ಮಿ: ಸುಳ್ಳು ಹೇಳದವರೂ ಸಿಕ್ಕಿಕೊಳ್ಳುತ್ತಾರೆ ಸಾರ್. ನನ್ನ ಕೋರ್ಸ್ ಮುಗಿದಿದ್ದು 2016. ಒಂದು ಪೇಪರ್ ಉಳಿದಿತ್ತು, ಅದು ಪಾಸಾಗಿದ್ದು 2017. ರೆಸ್ಯೂಮೆಯಲ್ಲಿ ಸುಮ್ನೆ 2016 ಅಂತ ಹಾಕಿದ್ದೆ. ಕಂಪನಿ ಪರವಾಗಿ ಚೆಕ್ ಮಾಡಿದ ಏಜೆನ್ಸಿಯ ವರದಿಯಲ್ಲಿ ಆ ಸಾಲಿಗೆ ಕೆಂಪು ಬಣ್ಣ. ಎಚ್‌ಆರ್ ಫೋನಿನಲ್ಲಿ ಮಾತಾಡಿದ ಧಾಟಿಗೆ ನಾನೇ ಡಿಗ್ರಿ ಅಚ್ಚು ಹಾಕಿಸಿದೆನೇನೋ ಅನ್ನಿಸಿಬಿಟ್ಟಿತು. ಕೊನೆಯ ಸೆಮಿಸ್ಟರಿನ ಎರಡೂ ಮಾರ್ಕ್ಸ್ ಕಾರ್ಡ್ ಕಳಿಸಿದ ಮೇಲೆ ಸರಿಹೋಯಿತು. ಎರಡು ವಾರ ನಿದ್ದೆ ಕೆಟ್ಟಿದ್ದು ಲೆಕ್ಕಕ್ಕಿಲ್ಲ.

ಕೋಡ್ ಬರೆಯೋನು: ನನ್ನ ತಕರಾರೂ ಇದೇ. ಅಮೆರಿಕದಲ್ಲಿ ಹೊರಗಿನ ಏಜೆನ್ಸಿಯ ವರದಿ ನೋಡಿ ಕೆಲಸ ನಿರಾಕರಿಸುವುದಾದರೆ, ಮೊದಲು ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಲೇಬೇಕು. ಎಲ್ಲ ಕಡೆ ಹಾಗಿರಬೇಕು.

ಎಚ್‌ಆರ್ ಹಳಬ: ಇದನ್ನು ಒಪ್ಪುತ್ತೇನೆ. ಕೆಂಪು ಗುರುತು ಅಂದರೆ ಮೋಸ ಅಂತಲ್ಲ, ಕೇಳಿ ನೋಡಿ ಅಂತ ಅಷ್ಟೇ. ನಮ್ಮವರಲ್ಲೇ ಎಷ್ಟೋ ಜನ ಕೇಳುವುದಿಲ್ಲ.

ಮೊದಲ ಕೆಲಸ: ಅಯ್ಯೋ, ನನಗೂ ಒಂದು ಪೇಪರ್ ಉಳಿದಿತ್ತು! ಫಾರ್ಮ್‌ನಲ್ಲಿ ಕೋರ್ಸ್ ಮುಗಿದ ವರ್ಷ ಹಾಕಿಬಿಟ್ಟಿದ್ದೇನೆ.

ಎಚ್‌ಆರ್ ಹಳಬ: ಪದವಿ ಪತ್ರದಲ್ಲಿ ಯಾವ ವರ್ಷ ಇದೆಯೋ ಅದೇ ಇರಲಿ. ವರದಿ ಬರೋ ಮುಂಚೆ, ಇವತ್ತೇ ಒಂದು ಮೇಲ್ ಹಾಕಿ.

ಮೊದಲ ಕೆಲಸ: ಹಾಕಿದೆ. ಎರಡೂ ಮಾರ್ಕ್ಸ್ ಕಾರ್ಡ್ ಸೇರಿಸಿದ್ದೇನೆ.