ಆರ್‌ಪಿಡಿ (ತೆಗೆದು ಹಾಕುವ ಹಲ್ಲಿನ ಸೆಟ್) ಫ್ರೇಮ್: ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ, ಎರಡನೇ ಸಲವೂ ಹೀಗೇ

ಗೋಣಿಕೊಪ್ಪ_ಹಲ್ಲು
ಸಾಕಾಗಿಹೋಗಿದೆ. ಕೆಳದವಡೆ, ಕೆನಡಿ ಕ್ಲಾಸ್ 1 (ಎರಡೂ ಕಡೆ ಹಿಂದಿನ ಹಲ್ಲುಗಳಿಲ್ಲ), ಕೋಬಾಲ್ಟ್ ಕ್ರೋಮ್ ಲೋಹದ ಫ್ರೇಮ್. 44ರ (ಬಲಗಡೆಯ ಹಲ್ಲು) ಕ್ಲಾಸ್ಪ್, ಅಂದರೆ ಹಲ್ಲು ಹಿಡಿಯುವ ಕೊಕ್ಕೆ, ಎಷ್ಟು ಒತ್ತಿದರೂ ಇಳಿಯುವುದಿಲ್ಲ. 34ರದ್ದು (ಎಡಗಡೆಯ ಹಲ್ಲು) ನಾಲಿಗೆ ತಾಗಿದರೆ ಎದ್ದು ಬರುತ್ತದೆ. ಪೇಷೆಂಟ್ ಒಬ್ಬ ಅಜ್ಜ, ಈ ಮಳೆಯಲ್ಲಿ ಎರಡು ಬಸ್ ಹತ್ತಿ ಬರುತ್ತಾರೆ. "ಈ ಸಲ ಅಕ್ಕಿ ಒಟ್ಟಿ ತಿನ್ನಬಹುದಾ ಡಾಕ್ಟ್ರೇ?" ಎಂದು ಕೇಳಿದರು. ಉತ್ತರ ಹೇಳಲಾಗಲಿಲ್ಲ. ಕಾಸ್ಟನ್ನು (ಬಾಯಿಯ ಅಚ್ಚಿನಿಂದ ಮಾಡಿದ ಸ್ಟೋನ್ ಮಾದರಿ) ನೇರ ಕಡ್ಡಿಯಿರುವ ಸರ್ವೇಯರ್ ಉಪಕರಣದ ವಾಲಿಸಬಹುದಾದ ಟೇಬಲ್ ಮೇಲಿಟ್ಟು ಸರ್ವೇ ಸರಿಯಾಗಿಯೇ ಮಾಡಿದ್ದೇನೆ, ಅಂಡರ್‌ಕಟ್ (ಕ್ಲಾಸ್ಪ್ ಹಿಡಿಯುವ, ಹಲ್ಲಿನ ಉಬ್ಬಿನ ಕೆಳಗಿನ ಒಳಸರಿದ ಜಾಗ) ಅಳೆಯುವ 0.25 ಮಿ.ಮೀ. ಗೇಜ್ ಎರಡೂ ಕಡೆ ತಾಗಿತ್ತು.

ಮಡಿಕೇರಿ_ಮಂಜು
ಮಳೆಗಾಲ ಅಲ್ವಾ, ಕಾಸ್ಟ್ ಹಾಕುವ ಸ್ಟೋನ್ ಪುಡಿ ತೇವ ಹೀರಿದೆ. ಜುಲೈಯಲ್ಲಿ ಚೀಲ ಒಡೆದರೆ ವಾರದಲ್ಲೇ ಹಾಳು. ಹೊಸ ಚೀಲ ತನ್ನಿ.

ಗೋಣಿಕೊಪ್ಪ_ಹಲ್ಲು
ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದೆ ಸರ್.

ಮಡಿಕೇರಿ_ಮಂಜು
ಡಬ್ಬಿ ತೆರೆದು ಮುಚ್ಚುವಾಗಲೇ ತೇವ ಒಳಹೋಗುತ್ತದೆ. ನನಗೆ ಮೂರು ಮಳೆಗಾಲ ಇದೇ ಆಗಿದೆ. ಆಲ್ಜಿನೇಟ್ (ಬಾಯಿಯ ಅಚ್ಚು ತೆಗೆಯುವ ಪುಡಿ) ಯಾವುದು?

ವಿರಾಜಪೇಟೆ_ಪಿಜಿ
34ರಲ್ಲಿ ಹಿಡಿತ ಕಡಿಮೆ ಎಂದರೆ ಕಾಸ್ಟನ್ನು ಸ್ವಲ್ಪ ಓರೆ ಮಾಡಿ, ಅಂಡರ್‌ಕಟ್ ಸಿಗುತ್ತದೆ.

ಲ್ಯಾಬ್_ಟೇಬಲ್
ಹಾಗೆ ಹುಟ್ಟಿಸಿದ ಅಂಡರ್‌ಕಟ್ ಬಾಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಂಟುವ ತಿಂಡಿ ಹಲ್ಲಿನ ಸೆಟ್ಟನ್ನು ನೇರ ಮೇಲಕ್ಕೆ ಎಳೆಯುತ್ತದೆ, ನೀವು ಓರೆ ಮಾಡಿದ ದಿಕ್ಕಿಗಲ್ಲ. ಟೇಬಲ್ ಸಮತಟ್ಟಾಗಿದ್ದಾಗಲೇ ಅಂಡರ್‌ಕಟ್ ಇರಬೇಕು.

ವಿರಾಜಪೇಟೆ_ಪಿಜಿ
ನಮಗೆ ಓರೆ ಮಾಡಲು ಕಲಿಸಿದ್ದಾರೆ.

ಲ್ಯಾಬ್_ಟೇಬಲ್
ಗೈಡ್ ಪ್ಲೇನ್‌ಗೆ (ಸೆಟ್ ಇಳಿಯುವ ದಾರಿ ಹಿಡಿಸುವ ಹಲ್ಲಿನ ಸಮತಟ್ಟು ಬದಿ), ಅಡ್ಡಿ ತಪ್ಪಿಸಲು ಓರೆ ಮಾಡಿ. ಇಲ್ಲದ ಹಿಡಿತ ತರಲು ಅಲ್ಲ.

ಸೋಮವಾರಪೇಟೆ_ಸ್ಟುಡಿಯೋ
ಸರ್ವೇಯರ್ ಯಾವುದು? ನನ್ನದು 'ನೇ' (Ney) ಕಂಪನಿಯದ್ದು. 1923ರಲ್ಲಿ ಮಾರುಕಟ್ಟೆಗೆ ಬಂದ ಮಾದರಿಯ ಕುಟುಂಬದ್ದೇ. ತೋಳು ಅಲ್ಲಾಡುವುದಿಲ್ಲ. ಜೆಲೆಂಕೋ ಎಂಬ ಇನ್ನೊಂದು ಸರ್ವೇಯರ್‌ನಲ್ಲಿ ತೋಳು ತಿರುಗುತ್ತದೆ, ನನಗೆ ನಂಬಿಕೆಯಿಲ್ಲ. ಪಕ್ಕದಲ್ಲೇ ಎಲ್‌ಇಡಿ ದೀಪ ಹಾಕಿದ್ದೇನೆ, ಕಡ್ಡಿಗೆ ಸಿಕ್ಕಿಸಿದ ಕಾರ್ಬನ್ ಕಾಸ್ಟ್ ಮೇಲೆ ಎಳೆಯುವ ಗೆರೆ ಕನ್ನಡಿಯಂತೆ ಕಾಣುತ್ತದೆ. ಫೋಟೋ ರಾತ್ರಿ ಹಾಕುತ್ತೇನೆ.

ಮಡಿಕೇರಿ_ಮಂಜು
ಜೆಲೆಂಕೋ ತೋಳು ತಿರುಗುವುದೇ ಅನುಕೂಲ. ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲು ಸ್ಟೋನ್ ಬದಲಿಸಿ ಡಾಕ್ಟ್ರೇ.

ಲ್ಯಾಬ್_ಟೇಬಲ್
ಡಾಕ್ಟ್ರೇ, ಫ್ರೇಮ್ ಕಾಸ್ಟ್ ಮೇಲೆ ಹೇಗೆ ಕೂರುತ್ತದೆ?

ಗೋಣಿಕೊಪ್ಪ_ಹಲ್ಲು
ಅಲ್ಲೂ ಹೀಗೇ. 44ರ ಕೆನ್ನೆಯ ಕಡೆ ಸ್ಟೋನ್ ಕೆರೆದು ಉಗುರಗಲ ಬಿಳಿ ಪಟ್ಟಿ ಬಿದ್ದಿದೆ. 34ರಲ್ಲಿ ಒಂದು ಗೀರೂ ಇಲ್ಲ.

ಲ್ಯಾಬ್_ಟೇಬಲ್
ಹಾಗಾದರೆ ಇಂಪ್ರೆಶನ್ (ಬಾಯಿಯ ಅಚ್ಚು) ತಪ್ಪಲ್ಲ. ಮಳೆಯದ್ದೂ ಅಲ್ಲ. ವ್ಯಾಕ್ಸ್ ಹಾಕಿ ಬ್ಲಾಕ್‌ಔಟ್ ಮಾಡಿದ್ದು (ಬೇಡದ ಅಂಡರ್‌ಕಟ್ ಮುಚ್ಚಿದ್ದು) ಯಾರು?

ಗೋಣಿಕೊಪ್ಪ_ಹಲ್ಲು
ಲ್ಯಾಬಿನವರು. ಸರ್ವೇ ಮಾಡಿ, ಗೆರೆಗಳನ್ನು ಒರೆಸಿ, ಕಾಸ್ಟ್ ಶುಚಿ ಮಾಡಿ ಮೈಸೂರಿಗೆ ಬಸ್ಸಲ್ಲಿ ಕಳಿಸಿದೆ. ಡಿಸೈನ್ ಚೀಟಿ ಇಟ್ಟಿದ್ದೆ.

ಲ್ಯಾಬ್_ಟೇಬಲ್
ಸಿಕ್ಕಿತು. ನಿಮ್ಮ ಟೇಬಲ್ ಎಷ್ಟು ವಾಲಿತ್ತು ಎಂದು ಚೀಟಿ ಹೇಳುವುದಿಲ್ಲ. ಅವರು ತಮಗೆ ಕಂಡಂತೆ ಕೂರಿಸಿದ್ದಾರೆ. ಪಕ್ಕಕ್ಕೆ ಒಂದೆರಡು ಡಿಗ್ರಿ ಬದಲಾದರೂ ಒಂದು ಕಡೆಯ ಅಂಡರ್‌ಕಟ್ ಹೆಚ್ಚುತ್ತದೆ, ಇನ್ನೊಂದು ಕಡೆ ಕರಗುತ್ತದೆ. ಎರಡು ಸಲವೂ ಹೀಗೇ ಆಗಿದ್ದು ಅದಕ್ಕೇ. ಟ್ರೈಪಾಡ್ ಮಾಡಿ: ಕಡ್ಡಿಯ ಎತ್ತರ ಬಿಗಿ ಮಾಡಿ, ಅದೇ ಎತ್ತರದಲ್ಲಿ ಕಾಸ್ಟ್ ಮೇಲೆ ದೂರ ದೂರ ಮೂರು ಚುಕ್ಕೆ ಇಡಿ, ಸುತ್ತ ವೃತ್ತ ಎಳೆಯಿರಿ. ಬುಡದ ಬದಿಗಳಲ್ಲೂ ಕಡ್ಡಿಗೆ ಸಮಾನಾಂತರವಾಗಿ ಮೂರು ಗೆರೆ ಕೊರೆಯಿರಿ. ಕಾರ್ಬನ್ನಿನ ಬದಿಯಿಂದ ಗೆರೆ ಎಳೆಯಿರಿ, ತುದಿಯಿಂದಲ್ಲ. ಏನನ್ನೂ ಒರೆಸಬೇಡಿ.

ಗೋಣಿಕೊಪ್ಪ_ಹಲ್ಲು
ಈಗ ನೋಡಿದೆ. ಅವರ ಕಾಸ್ಟ್‌ನ ವ್ಯಾಕ್ಸ್ ಅಂಚಿಗೆ ಕಡ್ಡಿ ಸರಿಹೋಗುವಂತೆ ಟೇಬಲ್ ವಾಲಿಸಿ ಗೇಜ್ ಇಟ್ಟರೆ, 34ರಲ್ಲಿ ಅದು ತಾಗುವುದೇ ಇಲ್ಲ. ನಾಳೆ ಹೊಸ ಇಂಪ್ರೆಶನ್ ತೆಗೆದು, ಮೂರು ಚುಕ್ಕೆ ಇಟ್ಟೇ ಬುಧವಾರದ ಬಸ್ಸಿಗೆ ಕಳಿಸುತ್ತೇನೆ. ಅಜ್ಜನಿಗೆ ಫೋನ್ ಮಾಡಬೇಕು.

ಮಡಿಕೇರಿ_ಮಂಜು
ಹೊಸ ಕಾಸ್ಟ್ ಹಾಕುವಾಗ ಸ್ಟೋನ್ ಮಾತ್ರ ಹೊಸ ಚೀಲದ್ದೇ ಇರಲಿ.