ಒಂದೇ ಐಪಿ, ಹಲವು ಸಾಧನಗಳು: ಬಂದ ಉತ್ತರ ಯಾರದ್ದೆಂದು ರೂಟರ್‌ಗೆ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ

ನಮ್ಮ ಮನೆಯ ಲ್ಯಾಪ್‌ಟಾಪ್‌ನ ವಿಳಾಸ 192.168.1.5, ಮೊಬೈಲ್‌ನದು 192.168.1.8. ಆದರೆ ಹೊರಗಿನ ಜಾಲತಾಣಗಳಿಗೆ ಎರಡೂ ಒಂದೇ ಐಪಿಯಿಂದ ಬಂದಂತೆ ಕಾಣುತ್ತವೆ. ಎರಡರಲ್ಲೂ ಒಂದೇ ತಾಣವನ್ನು ಏಕಕಾಲಕ್ಕೆ ತೆರೆದರೆ ಉತ್ತರಗಳು ಅದಲುಬದಲಾಗುವುದಿಲ್ಲವೇಕೆ? ಇನ್ನೊಂದು ತೊಂದರೆಯೂ ಇದೆ. ಊರಿಗೆ ಹೋದಾಗ ಮನೆಯ ಸಿಸಿಟಿವಿ ನೋಡಲೆಂದು, ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಿಟ್ಟಿದ್ದೇನೆ, ಆದರೂ ಹೊರಗಿನಿಂದ ಸಂಪರ್ಕ ಸಿಗುತ್ತಿಲ್ಲ.

ಮೊದಲ ಉತ್ತರ

ರೂಟರ್ ಐಪಿಯನ್ನು ಮಾತ್ರವಲ್ಲದೆ ಪೋರ್ಟ್ ಸಂಖ್ಯೆಯನ್ನೂ (ಒಂದೇ ಸಾಧನದ ಬೇರೆ ಬೇರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆ) ನೋಡುತ್ತದೆ. ಲ್ಯಾಪ್‌ಟಾಪ್ ತನ್ನ 51000ನೇ ಪೋರ್ಟ್‌ನಿಂದ ಪ್ಯಾಕೆಟ್ (ದತ್ತಾಂಶದ ಸಣ್ಣ ತುಣುಕು) ಕಳುಹಿಸಿತೆನ್ನಿ. ರೂಟರ್ ಕಳುಹಿಸಿದವರ ವಿಳಾಸವನ್ನು ಅಳಿಸಿ ತನ್ನ ಸಾರ್ವಜನಿಕ ಐಪಿಯನ್ನೂ, 40001ರಂತಹ ಬೇರೊಂದು ಪೋರ್ಟನ್ನೂ ಬರೆದು, ಈ ಬದಲಾವಣೆಯನ್ನು ತನ್ನ ಕೋಷ್ಟಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಹೀಗೆ ವಿಳಾಸ ಬದಲಿಸುವುದಕ್ಕೇ ನ್ಯಾಟ್ ಎನ್ನುತ್ತಾರೆ. ಮೊಬೈಲ್ ಕೂಡ ಕಾಕತಾಳೀಯವಾಗಿ 51000 ಅನ್ನೇ ಬಳಸಿದರೂ ಅದಕ್ಕೆ 40002 ಸಿಗುತ್ತದೆ. ಸರ್ವರ್‌ನ ಉತ್ತರ 40002ಕ್ಕೆ ಬಂದೊಡನೆ ರೂಟರ್ ಕೋಷ್ಟಕವನ್ನು ನೋಡಿ, ತಲುಪಬೇಕಾದ ವಿಳಾಸವನ್ನು 192.168.1.8, ಪೋರ್ಟ್ 51000 ಎಂದು ತಿದ್ದಿ ಒಳಗೆ ಬಿಡುತ್ತದೆ. ವಿಳಾಸ ಬದಲಾದುದರಿಂದ ಪ್ರತಿ ಸಲವೂ ಪ್ಯಾಕೆಟ್ ಕೆಟ್ಟಿಲ್ಲವೆಂದು ಪರೀಕ್ಷಿಸಲು ಬಳಸುವ ಸಂಖ್ಯೆಯಾದ ಚೆಕ್‌ಸಮ್ ಅನ್ನೂ ಸರಿಪಡಿಸಬೇಕಾಗುತ್ತದೆ. (ಲಿನಕ್ಸ್ ಆಧಾರಿತ ರೂಟರ್‌ಗಳು ಸಾಮಾನ್ಯವಾಗಿ ಮೂಲ ಪೋರ್ಟನ್ನೇ ಉಳಿಸಿಕೊಂಡು, ಘರ್ಷಣೆಯಾದಾಗ ಮಾತ್ರ ಬದಲಿಸುತ್ತವೆ.)

ಕೋಷ್ಟಕದ ಸಾಲುಗಳು ಶಾಶ್ವತವಲ್ಲ. ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಉತ್ತರ ಬಾರದ ಯುಡಿಪಿ (ಮೊದಲು ಸಂಪರ್ಕ ಸ್ಥಾಪಿಸದೆಯೇ ಕಳುಹಿಸುವ ವಿಧಾನ) ಸಾಲು 30 ಸೆಕೆಂಡಿನಲ್ಲೇ ಅಳಿದುಹೋದರೆ, ಸ್ಥಾಪಿತ ಟಿಸಿಪಿ (ಮೊದಲು ಸಂಪರ್ಕ ಸ್ಥಾಪಿಸಿ ಕಳುಹಿಸುವ ವಿಧಾನ) ಸಂಪರ್ಕದ ಸಾಲು ನಿಷ್ಕ್ರಿಯವಾಗಿದ್ದರೂ 5 ದಿನ ಉಳಿಯುತ್ತದೆ. ಈ ಸಾಲುಗಳು ಒಳಗಿನವರು ಮೊದಲು ಮಾತನಾಡಿಸಿದಾಗ ಮಾತ್ರ ಹುಟ್ಟುವುದರಿಂದ, ಹೊರಗಿನಿಂದ ತಾನಾಗಿ ಬಂದ ಪ್ಯಾಕೆಟ್ಟನ್ನು ಯಾರಿಗೆ ಕೊಡಬೇಕೆಂಬುದೇ ರೂಟರ್‌ಗೆ ತಿಳಿಯದು. ಪೋರ್ಟ್ ಫಾರ್ವರ್ಡಿಂಗ್ ಎಂದರೆ ಅಂತಹ ಒಂದು ಸಾಲನ್ನು ನಾವೇ ಕೈಯಾರೆ ಬರೆದಿಡುವುದು.

ಎರಡನೆಯ ಉತ್ತರ

ರೂಟರ್‌ನ ಸ್ಥಿತಿ ಪುಟದಲ್ಲಿ ವ್ಯಾನ್ ವಿಳಾಸವನ್ನು (ಸೇವಾದಾರರ ಕಡೆಯಿಂದ ಅದಕ್ಕೆ ಸಿಕ್ಕಿರುವ ಐಪಿ) ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ನಿಮ್ಮ ಸೇವಾದಾರರ ಬಳಿ ಇನ್ನೊಂದು ನ್ಯಾಟ್ ಇದೆ ಎಂದರ್ಥ. 2012ರಲ್ಲಿ ಈ ವಿಳಾಸಗಳನ್ನು ಮೀಸಲಿಟ್ಟದ್ದೇ ಅದಕ್ಕಾಗಿ. ಆಗ ಹೊರಗಿನ ಪ್ಯಾಕೆಟ್ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಪರೀಕ್ಷಿಸುವಾಗ ಮನೆಯ ವೈಫೈ ಬಳಸಬೇಡಿ, ಮೊಬೈಲ್ ಡೇಟಾ ಬಳಸಿ. ಒಳಗಿನಿಂದಲೇ ಸ್ವಂತ ಸಾರ್ವಜನಿಕ ಐಪಿಗೆ ಹೋಗುವುದನ್ನು ಹಲವು ರೂಟರ್‌ಗಳು ನಿಭಾಯಿಸುವುದಿಲ್ಲ.

ಪ್ರಶ್ನೆ ಕೇಳಿದವರು

ನೋಡಿದೆ, 100.72 ಎಂದು ಆರಂಭವಾಗುತ್ತದೆ. ಎರಡು ದಿನ ಸೆಟ್ಟಿಂಗ್ ಬದಲಿಸುತ್ತಾ ಕುಳಿತದ್ದು ವ್ಯರ್ಥವಾಯಿತು! ಈಗ ದಾರಿ ಏನು?

ಎರಡನೆಯ ಉತ್ತರ ಕೊಟ್ಟವರು

ಸೇವಾದಾರರಿಂದ ಸಾರ್ವಜನಿಕ ಐಪಿ ಕೇಳಿ ಪಡೆಯಬಹುದು. ಅವರು ಐಪಿವಿ6 (ಹೊಸ ಪೀಳಿಗೆಯ ಐಪಿ ವಿಳಾಸ) ಕೊಡುತ್ತಿದ್ದು ಡಿವಿಆರ್ ಕೂಡ ಅದನ್ನು ಬಲ್ಲದಾದರೆ ನ್ಯಾಟ್‌ನ ಗೊಡವೆಯೇ ಇಲ್ಲ, ಫೈರ್‌ವಾಲ್‌ನಲ್ಲಿ ಅನುಮತಿ ಕೊಟ್ಟರಾಯಿತು. ಆದರೆ ಡಿವಿಆರ್‌ನ ಲಾಗಿನ್ ಪುಟವನ್ನು ನೇರವಾಗಿ ಲೋಕಕ್ಕೆ ತೆರೆದಿಡುವುದನ್ನು ನಾನಂತೂ ಒಪ್ಪುವುದಿಲ್ಲ. ಮನೆಗೊಂದು ವಿಪಿಎನ್ (ಮನೆಯ ಜಾಲಕ್ಕೆ ಹೊರಗಿನಿಂದ ಸುರಕ್ಷಿತವಾಗಿ ಸೇರುವ ಗೂಢಲಿಪೀಕೃತ ದಾರಿ) ಹಾಕಿಕೊಂಡು ಅದರ ಮೂಲಕ ನೋಡಿ.